ಡಿಸೆಂಬರಿನಲ್ಲಿ ಕ್ರಿಸ್ಮಸ್ ಸಂತೆಗಳನ್ನು ನೋಡಲು ಹೊರಟಿದ್ದೇವೆ: ಯಾವ ವಾರ, ಯಾವ ಊರು?

ಡೊಂಬಿವಲಿ ದಂಪತಿ (ಪ್ರಶ್ನೆ)

ಎಲ್ಲ ಸದಸ್ಯರಿಗೂ ನಮಸ್ಕಾರ.

ನಾನೂ ನನ್ನ ಪತ್ನಿಯೂ ಬರುವ ಡಿಸೆಂಬರಿನಲ್ಲಿ ಜರ್ಮನಿಯ ಕಡೆಯ ಕ್ರಿಸ್ಮಸ್ ಸಂತೆಗಳನ್ನು ನೋಡಿ ಬರಬೇಕೆಂದು ನಿಶ್ಚಯಿಸಿದ್ದೇವೆ. ಮಕ್ಕಳ ಓದು, ಮದುವೆಗಳೆಲ್ಲ ಮುಗಿದ ಮೇಲೆ ನಾವಿಬ್ಬರೇ ಇಷ್ಟು ದೂರ ಹೊರಡುತ್ತಿರುವುದು ಇದೇ ಮೊದಲು. ಆದ್ದರಿಂದ ಇದು ಅವಸರದ ಪ್ರವಾಸವಾಗದೆ, ಮುಂದೆ ಬಹಳ ಕಾಲ ನೆನೆದು ಮಾತನಾಡಿಕೊಳ್ಳುವಂಥದ್ದಾಗಬೇಕು ಎಂಬುದು ಇಬ್ಬರ ಆಸೆ.

ನಾನು ಫೋರ್ಟ್‌ನಲ್ಲಿ ವಿಮಾ ಕಚೇರಿಯೊಂದರಲ್ಲಿದ್ದೇನೆ. ನಮ್ಮಲ್ಲಿ ವರ್ಷದ ಕೊನೆಯ ವಾರ ರಜೆ ಸುಲಭವಾಗಿ ಸಿಗುತ್ತದೆ. ನಮ್ಮ ಪರಿಸರದ ಪ್ರವಾಸ ಸಂಸ್ಥೆಯೊಂದು ಡಿಸೆಂಬರ್ 22ರಂದು ಮುಂಬಯಿಯಿಂದ ಹೊರಟು ಪ್ಯಾರಿಸ್, ಸ್ಟ್ರಾಸ್‌ಬರ್ಗ್, ಮ್ಯೂನಿಕ್, ಸಾಲ್ಸ್‌ಬರ್ಗ್, ವಿಯೆನ್ನಾ, ಪ್ರಾಗ್ ಇಷ್ಟನ್ನೂ ಬಸ್ಸಿನಲ್ಲಿ ತೋರಿಸಿ ಹೊಸ ವರ್ಷಕ್ಕೆ ಮರಳಿ ಕರೆತರುವ ಯೋಜನೆಯನ್ನು ಮುಂದಿಟ್ಟಿದೆ. ದರ ನಮ್ಮ ಕೈಗೆ ಎಟುಕುವಂತಿದೆ, ಆದರೆ ಊರುಗಳ ಪಟ್ಟಿಯನ್ನು ನೋಡಿದಾಗ ಮನಸ್ಸು ಹಿಂಜರಿಯುತ್ತಿದೆ.

ನನ್ನ ಪತ್ನಿ ಮನೆಯಲ್ಲಿ ಮಕ್ಕಳಿಗೆ ಕರ್ನಾಟಕ ಸಂಗೀತ ಕಲಿಸುತ್ತಾರೆ. ಕೊಳ್ಳುವುದಕ್ಕಿಂತ ಅಲ್ಲಿನ ಚರ್ಚುಗಳಲ್ಲಿ ಮಕ್ಕಳು ವೃಂದವಾಗಿ ಹಾಡುವುದನ್ನು ಕೇಳಬೇಕೆಂಬುದು ಅವರ ಬಹುದಿನದ ಬಯಕೆ. ನಾವು ಸಸ್ಯಾಹಾರಿಗಳು. ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಕೇಕಿನಲ್ಲಿದ್ದರೆ ನನ್ನ ಅಭ್ಯಂತರವಿಲ್ಲ. ಇಬ್ಬರೂ ಮದ್ಯ ಸೇವಿಸುವುದಿಲ್ಲ. ಅವರಿಗೆ ಮೊಣಕಾಲು ನೋವಿದ್ದು, ನಿಧಾನವಾಗಿ ನಡೆಯಬಲ್ಲರು, ಒಂದೇ ಕಡೆ ಬಹಳ ಹೊತ್ತು ನಿಲ್ಲಲಾರರು.

ಈ ಸಂತೆಗಳನ್ನು ನೋಡಲು ಸರಿಯಾದ ಸಮಯ ಯಾವುದು, ಹಲವು ದೇಶಗಳನ್ನು ಸುತ್ತುವುದು ಮೇಲೋ ಒಂದೇ ಪ್ರದೇಶದಲ್ಲಿ ನೆಲೆ ನಿಲ್ಲುವುದು ಮೇಲೋ, ನಮ್ಮಂಥವರು ಅಲ್ಲಿ ಹೊಟ್ಟೆಗೆ ಏನು ಮಾಡಬೇಕು, ವೀಸಾಕ್ಕೆ ಯಾವಾಗ ಹೊರಡಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಪುಣೆ ಔಂಧ್

ನಮಸ್ಕಾರ. ಉದ್ಯೋಗದ ಕಾರಣದಿಂದ ದಕ್ಷಿಣ ಜರ್ಮನಿಯಲ್ಲಿ ಕೆಲವು ಚಳಿಗಾಲಗಳನ್ನು ಕಳೆದವನು ನಾನು. ಊರುಗಳ ಮಾತನ್ನು ಆಮೇಲೆ ಆಡೋಣ. ಅದಕ್ಕಿಂತ ಮೊದಲು ನಿಮ್ಮ ದಿನಾಂಕವನ್ನು ಬದಲಿಸಿಕೊಳ್ಳಿ ಎಂದು ಕಳಕಳಿಯಿಂದ ಹೇಳಬಯಸುತ್ತೇನೆ.

ಇವು ಕ್ರಿಸ್ಮಸ್ ದಿನದ ಸಂತೆಗಳಲ್ಲ, ಕ್ರಿಸ್ಮಸ್‌ಗೆ ಮುನ್ನಿನ, ಅಡ್ವೆಂಟ್ ಎಂಬ ನಾಲ್ಕು ವಾರಗಳ ಸಂತೆಗಳು. ಗಣೇಶ ಚೌತಿಯ ಹಿಂದಿನ ದಿನಗಳಲ್ಲಿ ದಾದರಿನ ಬೀದಿಗಳು ಹೇಗೆ ತುಂಬಿ ತುಳುಕುತ್ತವೆಯೋ, ಹಬ್ಬ ಮನೆಯೊಳಗೆ ಬಂದ ಮೇಲೆ ಆ ಅಂಗಡಿಗಳು ಹೇಗೆ ಎದ್ದುಹೋಗುತ್ತವೆಯೋ, ಅಲ್ಲಿಯೂ ಹಾಗೆಯೇ. ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುವ ಭಾನುವಾರವನ್ನು ಮೊದಲ ಅಡ್ವೆಂಟ್ ಭಾನುವಾರ ಎನ್ನುತ್ತಾರೆ. ನ್ಯೂರೆಂಬರ್ಗಿನ ಸಂತೆ ಅದರ ಹಿಂದಿನ ಶುಕ್ರವಾರ ಸಂಜೆ ಆರಂಭವಾಗಿ ಡಿಸೆಂಬರ್ 24ರಂದು ಮುಗಿಯುತ್ತದೆ. ಮ್ಯೂನಿಕ್‌ನ ಮರೀನ್‌ಪ್ಲಾಟ್ಸ್ ಚೌಕದ ಸಂತೆಯೂ 24ರ ಮಧ್ಯಾಹ್ನಕ್ಕೆ ಬಾಗಿಲು ಹಾಕುತ್ತದೆ, ಕಲೋನ್‌ನಲ್ಲಿ ಅದಕ್ಕೂ ಒಂದು ದಿನ ಮೊದಲೇ. 24ರ ಮಧ್ಯಾಹ್ನದಿಂದ ಅಂಗಡಿಗಳು ಮುಚ್ಚುತ್ತವೆ, 25 ಮತ್ತು 26 ಎರಡೂ ಸರ್ಕಾರಿ ರಜೆಗಳು, ದಿನಸಿ ಅಂಗಡಿಯೂ ತೆರೆದಿರುವುದಿಲ್ಲ. 22ರಂದು ಹೊರಡುವ ತಂಡಕ್ಕೆ ಜರ್ಮನಿಯ ಮಟ್ಟಿಗೆ ಉಳಿಯುವುದು ಒಂದು ಸಂಜೆ, ಅಬ್ಬಬ್ಬಾ ಎಂದರೆ ಎರಡು. ಮಾರಾಟ ಮಾಡುವವರು ಇದನ್ನು ಪ್ರಯಾಣಿಕರಿಗೆ ಸ್ಪಷ್ಟವಾಗಿ ಹೇಳಬೇಕು. ಹೇಳದೆ ಇರುವುದು ನನಗೆ ನಿಜವಾಗಿಯೂ ಬೇಸರ ತರಿಸುತ್ತದೆ.

ಆದ್ದರಿಂದ ಡಿಸೆಂಬರಿನ ಮೊದಲ ಅಥವಾ ಎರಡನೆಯ ವಾರಕ್ಕೆ ರಜೆ ಕೇಳಿ ನೋಡಿ. ರಜೆ ಕೊನೆಯ ವಾರಕ್ಕೇ ಸಿಗುವುದಾದರೆ ಜರ್ಮನಿಯನ್ನು ಬಿಟ್ಟು ಆಸ್ಟ್ರಿಯಾವನ್ನು ಆರಿಸಿಕೊಳ್ಳಿ. ವಿಯೆನ್ನಾದ ನಗರಸಭಾ ಭವನದ ಮುಂದಿನ ದೊಡ್ಡ ಸಂತೆ ಸಾಮಾನ್ಯವಾಗಿ 26ರವರೆಗೆ ಇರುತ್ತದೆ, ಷೋನ್‌ಬ್ರುನ್ ಅರಮನೆಯ ಅಂಗಳದ್ದು ಹೊಸ ವರ್ಷ ಕಳೆದ ಮೇಲೂ ಮುಂದುವರಿಯುತ್ತದೆ, ಸಾಲ್ಸ್‌ಬರ್ಗಿನ ಕೆಥೆಡ್ರಲ್ ಚೌಕದಲ್ಲಿ ಜನವರಿ 1ರವರೆಗೂ ಅಂಗಡಿಗಳಿರುತ್ತವೆ. ಆಯಾ ವರ್ಷದ ದಿನಾಂಕಗಳನ್ನು ನಗರಗಳ ಅಧಿಕೃತ ಪ್ರವಾಸೋದ್ಯಮ ತಾಣಗಳಲ್ಲಿ ನೋಡಿಕೊಂಡೇ ಟಿಕೆಟ್ ತೆಗೆಯಿರಿ.

ಎರಡನೆಯದಾಗಿ ನೆಲೆಯ ವಿಷಯ. ನಾನು ನ್ಯೂರೆಂಬರ್ಗನ್ನೇ ಹೇಳುತ್ತೇನೆ. ಮುಂಬಯಿಯಿಂದ ಮ್ಯೂನಿಕ್‌ಗೂ ಫ್ರಾಂಕ್‌ಫರ್ಟ್‌ಗೂ ನೇರ ವಿಮಾನಗಳಿವೆ. ಮ್ಯೂನಿಕ್‌ನಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ, ಫ್ರಾಂಕ್‌ಫರ್ಟ್‌ನಿಂದ ಎರಡು ಗಂಟೆಗೆ ತುಸು ಹೆಚ್ಚು. ಕೋಟೆಯೊಳಗಿನ ಹಳೆಯ ಊರು ಎಲ್ಲವನ್ನೂ ನಡೆದೇ ನೋಡಬಹುದಾದಷ್ಟು ಚಿಕ್ಕದು. ಹೌಪ್ಟ್‌ಮಾರ್ಕ್ಟ್ ಎಂಬ ಚೌಕದಲ್ಲಿ ಕೆಂಪು-ಬಿಳಿ ಪಟ್ಟೆಯ ಬಟ್ಟೆ ಹೊದಿಸಿದ ಸುಮಾರು 180 ಮರದ ಮಳಿಗೆಗಳು ಸಾಲಾಗಿ ನಿಲ್ಲುತ್ತವೆ. ಈ ಸಂತೆಯ ಬಗೆಗಿನ ಅತಿ ಹಳೆಯ ಲಿಖಿತ ಸಾಕ್ಷ್ಯ 1628ರದು. ಆರಂಭದ ಸಂಜೆ ಚಿನ್ನದ ಗುಂಗುರು ಕೂದಲು, ಕಿರೀಟ ಧರಿಸಿದ ‘ಕ್ರಿಸ್ಟ್‌ಕಿಂಡ್’ ವೇಷದ ತರುಣಿಯೊಬ್ಬಳು ಫ್ರೌವೆನ್‌ಕಿರ್ಖೆ ಚರ್ಚಿನ ಮೇಲುಪ್ಪರಿಗೆಯಲ್ಲಿ ನಿಂತು ಪದ್ಯರೂಪದ ಆಹ್ವಾನವನ್ನು ಓದುತ್ತಾಳೆ. ಎರಡು ವರ್ಷಕ್ಕೊಮ್ಮೆ ಊರಿನ ಹದಿಹರೆಯದ ಹುಡುಗಿಯರಲ್ಲಿ ಒಬ್ಬಳನ್ನು ಈ ಪಾತ್ರಕ್ಕೆ ಆಯ್ಕೆ ಮಾಡುತ್ತಾರೆ. 2019ರಲ್ಲಿ ಆಯ್ಕೆಯಾದ ಹುಡುಗಿಯ ತಂದೆ ಭಾರತೀಯ ಮೂಲದವರು. ಆಕೆಯ ಬಣ್ಣವನ್ನು ಕುರಿತು ಕೆಲವರು ಹೀನವಾಗಿ ಬರೆದಾಗ ಇಡೀ ನಗರ ಆಕೆಯ ಬೆನ್ನಿಗೆ ನಿಂತದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಅಲ್ಲಿ ನೆಲೆಸಿ ಸುತ್ತಲಿನ ಊರುಗಳಿಗೆ ಹಗಲಿನಲ್ಲಿ ಹೋಗಿ ಬರಬಹುದು. ಬಾಂಬರ್ಗ್ ಮುಕ್ಕಾಲು ಗಂಟೆಯ ದಾರಿ, ರೇಗನ್ಸ್‌ಬರ್ಗ್ ಸುಮಾರು ಒಂದು ಗಂಟೆ. ಮಧ್ಯಯುಗದ ಗೋಡೆಗಳು ಹಾಗೆಯೇ ಉಳಿದಿರುವ ರೋಟೆನ್‌ಬರ್ಗ್‌ಗೆ ಸ್ಟೈನಾಖ್ ಎಂಬಲ್ಲಿ ಗಾಡಿ ಬದಲಿಸಬೇಕು. ‘ಬಯರ್ನ್ ಟಿಕೆಟ್’ ಎಂಬ ಒಂದು ದಿನದ ಚೀಟಿ ತೆಗೆದುಕೊಂಡರೆ ಈ ಊರುಗಳಿರುವ ಬವೇರಿಯಾ ರಾಜ್ಯದ ಎಲ್ಲ ಪ್ರಾದೇಶಿಕ ರೈಲುಗಳಲ್ಲಿ ಇಬ್ಬರೂ ದಿನವಿಡೀ ಓಡಾಡಬಹುದು. ವಾರದ ದಿನಗಳಲ್ಲಿ ಅದು ಬೆಳಿಗ್ಗೆ 9ರಿಂದ ಅನ್ವಯ, ವೇಗದ ಐಸಿಇ ಗಾಡಿಗಳಿಗೆ ನಡೆಯುವುದಿಲ್ಲ. ವಾರಾಂತ್ಯದಲ್ಲಿ ಎಲ್ಲ ಸಂತೆಗಳಲ್ಲೂ ಕಾಲಿಡಲಾರದ ಜನಸಂದಣಿ ಇರುತ್ತದೆಯಾದ್ದರಿಂದ ದೊಡ್ಡ ಊರಿನ ಸಂತೆಗಳನ್ನು ಸೋಮವಾರದಿಂದ ಗುರುವಾರದೊಳಗೆ ಮುಗಿಸಿಕೊಳ್ಳಿ.

ಮಡಗಾಂವ್ ಕರಾವಳಿ

ಔಂಧ್‌ನವರು ಹೇಳಿದ ದಿನಾಂಕದ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಊರಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ.

ನಾವು ಮೂಲತಃ ಮಂಗಳೂರಿನ ಕಥೊಲಿಕರು, ಈಗ ಗೋವಾದಲ್ಲಿ ನೆಲೆಸಿದ್ದೇವೆ. ನಮ್ಮಲ್ಲಿ ಈ ನಾಲ್ಕು ವಾರಗಳನ್ನು ಆಗಮನ ಕಾಲ ಎನ್ನುತ್ತೇವೆ. ಹಸಿರೆಲೆಯ ಬಳೆಯಲ್ಲಿ ನಾಲ್ಕು ಮೇಣದಬತ್ತಿಗಳನ್ನಿಟ್ಟು ಭಾನುವಾರಕ್ಕೊಂದರಂತೆ ಹಚ್ಚುವ ಪದ್ಧತಿಯ ಮೂಲ ಜರ್ಮನಿಯಲ್ಲಿದೆ. 1839ರಲ್ಲಿ ಹ್ಯಾಂಬರ್ಗ್‌ನ ಯೋಹಾನ್ ಹಿನ್‌ರಿಖ್ ವಿಖರ್ನ್ ಎಂಬ ಧರ್ಮಬೋಧಕರು ತಮ್ಮ ಆಶ್ರಯದಲ್ಲಿದ್ದ ಬಡಮಕ್ಕಳಿಗೆ ಹಬ್ಬಕ್ಕೆ ಇನ್ನೆಷ್ಟು ದಿನವಿದೆಯೆಂದು ತಿಳಿಯಲಿ ಎಂದು ಗಾಡಿಯ ಚಕ್ರವೊಂದರ ಮೇಲೆ ದೀಪಗಳನ್ನು ಜೋಡಿಸಿದರು. ಸಂತೆಗಳೂ ಈ ಕಾಯುವಿಕೆಯ ಭಾಗವೇ ಆಗಿವೆ. ಅವುಗಳನ್ನು ಬರೀ ದೀಪಾಲಂಕಾರವೆಂದು ನೋಡದೆ, ಪಕ್ಕದ ಚರ್ಚಿನಲ್ಲಿ ಅದೇ ಸಂಜೆ ಏನು ನಡೆಯುತ್ತಿದೆಯೆಂದು ಕೂಡ ನೋಡಬೇಕೆಂಬುದು ನನ್ನ ಮನವಿ.

ನಿಮ್ಮ ಶ್ರೀಮತಿಯವರು ಸಂಗೀತದವರು ಎಂದು ಬರೆದಿದ್ದೀರಿ. ಹಾಗಿದ್ದರೆ ನೀವು ಹೋಗಬೇಕಾದದ್ದು ಸ್ಯಾಕ್ಸನಿಗೆ, ಅಂದರೆ ಲೈಪ್ಸಿಗ್ ಮತ್ತು ಡ್ರೆಸ್ಡೆನ್‌ಗೆ. ಲೈಪ್ಸಿಗ್‌ನ ಸಂತ ಥಾಮಸರ ಚರ್ಚಿನಲ್ಲಿ ಪ್ರಸಿದ್ಧ ಸಂಗೀತ ರಚನಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೂ ಸಂಗೀತದ ಹೊಣೆ ಹೊತ್ತಿದ್ದರು. ಅವರ ಸಮಾಧಿಯೂ ಅಲ್ಲಿಯೇ ಇದೆ. ಆ ಚರ್ಚಿನ ಬಾಲಕರ ಗಾಯನ ವೃಂದವಾದ ಥೊಮಾನರ್‌ಕೋರ್ 1212ರಲ್ಲಿ ಸ್ಥಾಪನೆಯಾದದ್ದು, ಇಂದಿಗೂ ಹಾಡುತ್ತಿದೆ. ಶುಕ್ರವಾರ ಸಂಜೆ ಮತ್ತು ಶನಿವಾರ ಮಧ್ಯಾಹ್ನ ಅಲ್ಲಿ ‘ಮೊಟೆಟ್ಟೆ’ ಎಂಬ ಸಂಗೀತ ಪ್ರಾರ್ಥನೆ ನಡೆಯುತ್ತದೆ. ಕಾರ್ಯಕ್ರಮದ ಹಾಳೆಗೆಂದು ಅಲ್ಪ ಹಣ ಕೊಟ್ಟರೆ ಯಾರು ಬೇಕಾದರೂ ಒಳಗೆ ಕುಳಿತು ಕೇಳಬಹುದು, ಆದರೆ ಅಡ್ವೆಂಟ್ ವಾರಗಳಲ್ಲಿ ಬಹಳ ಮುಂಚೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಎಲ್ಲ ವಾರವೂ ಈ ವೃಂದವೇ ಹಾಡುತ್ತದೆಂದಿಲ್ಲ, ಚರ್ಚಿನ ತಾಣದಲ್ಲಿ ಮೊದಲೇ ನೋಡಿಕೊಳ್ಳಿ. ನಾಲ್ಕು ಸ್ವರಪಂಕ್ತಿಗಳು ಒಂದರೊಳಗೊಂದು ಹೆಣೆದುಕೊಂಡು ಏರುವ ಆ ಬಗೆಯ ಗಾಯನವನ್ನು, ಒಂದೇ ರಾಗದ ಎಳೆಯನ್ನು ಹಿಡಿದು ಬೆಳೆಸುವ ನಮ್ಮ ಸಂಪ್ರದಾಯದ ಕಿವಿಯಿಂದ ಕೇಳುವುದು ಅವರಿಗೆ ಬಹಳ ದೊಡ್ಡ ಅನುಭವವಾಗುತ್ತದೆಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಅಲ್ಲಿಂದ ಡ್ರೆಸ್ಡೆನ್‌ಗೆ ರೈಲಿನಲ್ಲಿ ಒಂದು ಗಂಟೆಗೆ ಸ್ವಲ್ಪ ಹೆಚ್ಚು. ಅಲ್ಲಿನ ಸ್ಟ್ರೀಟ್ಸೆಲ್‌ಮಾರ್ಕ್ಟ್ 1434ರಲ್ಲಿ ಹಬ್ಬದ ಮುನ್ನಾದಿನ ನಡೆಯುವ ಒಂದೇ ದಿನದ ಮಾಂಸದ ಸಂತೆಯಾಗಿ ಆರಂಭವಾಯಿತು. ಈಗ ನಗರದ ಹಳೆಯ ಚೌಕದಲ್ಲಿ ನಾಲ್ಕು ವಾರ ನಡೆಯುತ್ತದೆ. ಚೌಕದ ಅಂಚಿನಲ್ಲೇ ಇರುವ ಕ್ರೊಯಿಟ್ಸ್‌ಕಿರ್ಖೆ ಚರ್ಚಿಗೂ ಎಂಟು ಶತಮಾನಗಳ ಪರಂಪರೆಯ ಬಾಲಕರ ವೃಂದವಿದೆ. 1945ರ ಫೆಬ್ರವರಿಯ ಬಾಂಬ್ ದಾಳಿಯಲ್ಲಿ ಕುಸಿದು, ದಶಕಗಳ ಕಾಲ ಕಲ್ಲಿನ ರಾಶಿಯಾಗಿ ಬಿದ್ದಿದ್ದ ಡ್ರೆಸ್ಡೆನ್‌ನ ಫ್ರೌವೆನ್‌ಕಿರ್ಖೆಯನ್ನು ಹಳೆಯ ಕಲ್ಲುಗಳನ್ನೂ ಬಳಸಿ ಮತ್ತೆ ಕಟ್ಟಿ 2005ರಲ್ಲಿ ಪೂಜೆಗೆ ತೆರೆದರು. ಅದರ ಗೋಡೆಯಲ್ಲಿ ಕಪ್ಪಾಗಿ ಕಾಣುವವು ಆ ಹಳೆಯ ಕಲ್ಲುಗಳು.

ಸ್ಯಾಕ್ಸನಿಯ ಸಂತೆಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಮರದ ಕೆಲಸ. ದಕ್ಷಿಣದ ಎರ್ಟ್ಸ್‌ಗೆಬಿರ್ಗೆ ಬೆಟ್ಟಸಾಲಿನಲ್ಲಿ ಶತಮಾನಗಳ ಕಾಲ ಬೆಳ್ಳಿ ಮತ್ತು ತವರದ ಗಣಿಗಳಿದ್ದವು. ಅದಿರು ಬತ್ತಿದಂತೆ ಗಣಿಗಾರರ ಕುಟುಂಬಗಳು ಹೊಟ್ಟೆಪಾಡಿಗೆ ಮರದ ತಿರುಗಣಿ ಹಿಡಿದವು. ಝೈಫೆನ್ ಎಂಬ ಊರಿನಲ್ಲಿ ಮರದ ಬಳೆಯೊಂದನ್ನು ತಿರುಗಣಿಯಲ್ಲಿ ಕೊರೆದು, ಆಮೇಲೆ ಹೋಳುಹೋಳಾಗಿ ಸೀಳಿದಾಗ ಪ್ರತಿ ಹೋಳೂ ಒಂದು ಪ್ರಾಣಿಯ ಆಕಾರ ತಳೆಯುವಂತೆ ಮಾಡುವ ವಿದ್ಯೆ ಬೆಳೆಯಿತು. ಕಿಟಕಿಯಲ್ಲಿಡುವ ಕಮಾನಿನಾಕಾರದ ದೀಪಸ್ತಂಭ, ಬಾಯಿಂದ ಧೂಪದ ಹೊಗೆ ಬಿಡುವ ಮರದ ಮನುಷ್ಯ, ಮೇಣದಬತ್ತಿಯ ಬಿಸಿಗಾಳಿಗೆ ರೆಕ್ಕೆ ತಿರುಗಿ ಗೊಂಬೆಗಳು ಸುತ್ತುವ ಪಿರಮಿಡ್, ಇವೆಲ್ಲ ಅಲ್ಲಿಯವು. ಹಗಲಿಡೀ ನೆಲದಡಿಯ ಕತ್ತಲೆಯಲ್ಲಿ ದುಡಿದವರ ಮನೆಗಳಲ್ಲಿ ಬೆಳಕಿಗೆ ಎಷ್ಟು ಬೆಲೆಯಿತ್ತೆಂಬುದು ಆ ವಸ್ತುಗಳನ್ನು ನೋಡಿದರೆ ತಿಳಿಯುತ್ತದೆ. ಅಗ್ಗದ ಅನುಕರಣೆಗಳೂ ಮಾರಾಟಕ್ಕಿರುತ್ತವೆ. ಸಣ್ಣದಾದರೂ ಸರಿ, ತಯಾರಿಸಿದವರ ಗುರುತು ಇರುವ ಒಂದು ವಸ್ತುವನ್ನು ಕೊಳ್ಳಿ.

ಸ್ಟ್ರಾಸ್‌ಬರ್ಗ್ ಬಗ್ಗೆ ಒಂದೇ ಮಾತು. ಅದು 1570ರಷ್ಟು ಹಳೆಯದು, ಬಹಳ ಸುಂದರವಾದದ್ದು, ಆದರೆ ಅಷ್ಟೇ ಇಕ್ಕಟ್ಟಾದದ್ದು. ಮೊಣಕಾಲು ನೋವಿರುವವರನ್ನು ನಾನು ಅಲ್ಲಿಗೆ ಶನಿವಾರ ಕಳಿಸಲಾರೆ.

ಮಾಟುಂಗಾ ಅಡುಗೆಮನೆ

ಊಟದ ವಿಷಯಕ್ಕೆ ಯಾರೂ ಬಂದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನಾನೂ ನಮ್ಮ ಯಜಮಾನರೂ ಮೊಟ್ಟೆ ತಿನ್ನುವವರಲ್ಲ. ಮಗಳು ಷ್ಟುಟ್‌ಗಾರ್ಟ್‌ನಲ್ಲಿರುವುದರಿಂದ ಅಲ್ಲಿನ ಸಂತೆಗಳಲ್ಲಿ ಕೇಳಿ ಕೇಳಿ ತಿಂದು ಕಲಿತದ್ದು ಇದು.

ಕಣ್ಣು ಮುಚ್ಚಿ ತಿನ್ನಬಹುದಾದವು ಸುಟ್ಟ ಚೆಸ್ಟ್‌ನಟ್, ಸಕ್ಕರೆ ಮತ್ತು ದಾಲ್ಚಿನ್ನಿಯಲ್ಲಿ ಹುರಿದ ಬಾದಾಮಿ, ದೊಡ್ಡ ಬಾಣಲೆಯಲ್ಲಿ ಬಾಡಿಸಿದ ಅಣಬೆ (ಮೇಲೆ ಸುರಿಯುವ ಬಿಳಿ ಸಾಸನ್ನು ಬೇಡವೆನ್ನಿ, ಅದರಲ್ಲಿ ಮೊಟ್ಟೆ ಇರಬಹುದು) ಮತ್ತು ಇಡೀ ಆಲೂಗಡ್ಡೆಯನ್ನು ಬೇಯಿಸಿ ಮೇಲೆ ಕ್ವಾರ್ಕ್ ಎಂಬ ಮೊಸರಿನಂಥ ಗಿಣ್ಣು (ಚೀಸ್) ಹಾಕಿ ಕೊಡುವುದು. ಸೇಬಿನ ಗೊಜ್ಜಿನೊಂದಿಗೆ ಕೊಡುವ ಆಲೂಗಡ್ಡೆ ರೊಟ್ಟಿ ನೋಡಲು ಸಾತ್ವಿಕವಾಗಿದ್ದರೂ ಹಿಟ್ಟಿಗೆ ಮೊಟ್ಟೆ ಸೇರಿಸುವುದು ವಾಡಿಕೆ. ಕೇಜ್‌ಷ್ಪೆಟ್ಸ್‌ಲೆ ಎಂಬ ಗಿಣ್ಣಿನ ಶಾವಿಗೆಯಂಥ ತಿನಿಸಿಗೂ ಮೊಟ್ಟೆ ಬೀಳುತ್ತದೆ. ಫ್ಲಾಮ್‌ಕುಖೆನ್ ಎಂಬ ತೆಳ್ಳನೆಯ ರೊಟ್ಟಿಯ ಮೂಲ ರೂಪದಲ್ಲಿ ಹಂದಿಮಾಂಸದ ಚೂರುಗಳಿರುತ್ತವೆ, ಆದರೆ ಅದಿಲ್ಲದ ಬಗೆಯನ್ನೂ ಬಹುತೇಕ ಎಲ್ಲ ಕಡೆ ಮಾಡುತ್ತಾರೆ. ಫಲಕದ ಮೇಲೆ ‘ಷ್ಪೆಕ್’ ಅಥವಾ ‘ಶ್ಮಾಲ್ಟ್ಸ್’ ಎಂದಿದ್ದರೆ ದೂರವಿರಿ. ಮೊದಲನೆಯದು ಹಂದಿಯ ಮಾಂಸ, ಎರಡನೆಯದು ಸಾಮಾನ್ಯವಾಗಿ ಹಂದಿಯ ಕೊಬ್ಬು.

ಸಿಹಿಯಲ್ಲಿ ನ್ಯೂರೆಂಬರ್ಗಿನ ಎಲೀಜನ್ ಲೇಬ್‌ಕುಖೆನ್ ಎಂಬ ಮಸಾಲೆ ಕೇಕು ಪ್ರಸಿದ್ಧ. ಹಿಟ್ಟು ನೂರಕ್ಕೆ 10ಕ್ಕಿಂತ ಹೆಚ್ಚಿರಬಾರದು, ಬಾದಾಮಿ ಮೊದಲಾದ ಬೀಜಗಳು 25ಕ್ಕಿಂತ ಕಡಿಮೆ ಇರಬಾರದು ಎಂಬ ನಿಯಮವೇ ಅದಕ್ಕಿದೆ. ಆದರೆ ಅದಕ್ಕೆ ಮೊಟ್ಟೆ ಬಳಸುತ್ತಾರೆ, ಆದ್ದರಿಂದ ಅದು ನಿಮಗೆ ಮಾತ್ರ. ಡ್ರೆಸ್ಡೆನ್‌ನ ಷ್ಟೊಲೆನ್ ಬೆಣ್ಣೆ, ದ್ರಾಕ್ಷಿ, ಬಾದಾಮಿ, ಸಕ್ಕರೆಯಲ್ಲಿಟ್ಟ ಕಿತ್ತಳೆ ಸಿಪ್ಪೆ ಸೇರಿಸಿದ ರೊಟ್ಟಿ. ಸಾಂಪ್ರದಾಯಿಕವಾಗಿ ಮಾಡಿದ್ದರಲ್ಲಿ ಮೊಟ್ಟೆ ಇರುವುದಿಲ್ಲ, ಆದರೆ ಒಣದ್ರಾಕ್ಷಿಯನ್ನು ರಮ್‌ನಲ್ಲಿ ನೆನೆಸುವ ರೂಢಿಯಿದೆ, ಕೇಳಿ ತೆಗೆದುಕೊಳ್ಳಿ. ಹಿಂದೆ ಅಡ್ವೆಂಟ್ ಉಪವಾಸದಲ್ಲಿ ಬೆಣ್ಣೆ ನಿಷಿದ್ಧವಾಗಿತ್ತಂತೆ. ಸ್ಯಾಕ್ಸನಿಯ ದೊರೆಗಳು ಬೇಡಿಕೊಂಡ ಮೇಲೆ 1491ರಲ್ಲಿ ಪೋಪ್ ಎಂಟನೇ ಇನ್ನೊಸೆಂಟ್ ಪತ್ರ ಬರೆದು ಅನುಮತಿ ಕೊಟ್ಟರು. ಈ ಕಥೆ ಕೇಳಿದಂದಿನಿಂದ ಉಪವಾಸದ ಅಡುಗೆಯ ನಿಯಮಗಳಿಗಾಗಿ ಅಷ್ಟು ಹೋರಾಡಿದ ಆ ಜನರ ಮೇಲೆ ನನಗೆ ಆತ್ಮೀಯತೆ ಹುಟ್ಟಿದೆ.

ಯುರೋಪಿನ ಒಕ್ಕೂಟದಲ್ಲಿ ಮೊಟ್ಟೆ, ಹಾಲು, ಗೋಧಿ, ಬೀಜಗಳು ಸೇರಿ ಅಲರ್ಜಿ ತರುವ 14 ಬಗೆಯ ಪದಾರ್ಥಗಳನ್ನು ಪೊಟ್ಟಣದ ಮೇಲೆ ಎದ್ದು ಕಾಣುವಂತೆ ಅಚ್ಚು ಮಾಡುವುದು ಕಡ್ಡಾಯ. ಬಿಡಿಯಾಗಿ ಮಾರುವ ತಿನಿಸಿನ ಬಗ್ಗೆ ಕೇಳಿದರೂ ಹೇಳಲೇಬೇಕು. ಜರ್ಮನ್ ಭಾಷೆಯಲ್ಲಿ ಮೊಟ್ಟೆಗೆ ‘ಐ’, ಬಹುವಚನದಲ್ಲಿ ‘ಐಯರ್’ ಎನ್ನುತ್ತಾರೆ. ‘ಓನೆ ಐ, ಓನೆ ಫ್ಲೈಶ್’ ಎಂದರೆ ಮೊಟ್ಟೆ ಇಲ್ಲದ್ದು, ಮಾಂಸ ಇಲ್ಲದ್ದು ಎಂದು ತಿಳಿಯುತ್ತಾರೆ.

ಕುಡಿಯಲು ಎಲ್ಲರ ಕೈಯಲ್ಲೂ ಹಬೆಯಾಡುವ ಗ್ಲೂವೈನ್, ಅಂದರೆ ಮಸಾಲೆ ಹಾಕಿ ಕಾಯಿಸಿದ ವೈನ್ ಇರುತ್ತದೆ. ನೀವು ಕಿಂಡರ್‌ಪುನ್ಶ್ ಕೇಳಿ. ಹಣ್ಣಿನ ರಸಕ್ಕೆ ಲವಂಗ, ದಾಲ್ಚಿನ್ನಿ ಹಾಕಿ ಕಾಯಿಸಿದ್ದು, ಮದ್ಯವಿಲ್ಲದ್ದು, ಚಳಿಗೆ ಬಹಳ ಹಿತ. ಹೆಸರು ಮಕ್ಕಳದ್ದಾದರೂ ದೊಡ್ಡವರೂ ಧಾರಾಳವಾಗಿ ಕುಡಿಯುತ್ತಾರೆ. ಪಿಂಗಾಣಿ ಲೋಟಕ್ಕೆ ಕೆಲವು ಯೂರೋ ಠೇವಣಿ ಹಿಡಿಯುತ್ತಾರೆ, ಮರಳಿಸಿದರೆ ಹಣ ವಾಪಸು. ಊರು ಮತ್ತು ವರ್ಷ ಅಚ್ಚಾಗಿರುವ ಆ ಲೋಟವನ್ನು ನೆನಪಿಗೆಂದು ಇಟ್ಟುಕೊಳ್ಳುವವರೂ ಇದ್ದಾರೆ. ಅನೇಕ ಮಳಿಗೆಗಳು ಕಾರ್ಡ್ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಚಿಲ್ಲರೆ ಯೂರೋ ಕೈಯಲ್ಲಿರಲಿ.

ಮನೆಯಿಂದ ಗೊಜ್ಜವಲಕ್ಕಿ, ಚಟ್ನಿಪುಡಿ, ಹುರಿದ ರವೆ ಒಯ್ಯಿರಿ. ತುಪ್ಪ, ಪೇಡೆ, ಹಾಲಿನ ಸಿಹಿ ಒಯ್ಯಬೇಡಿ. ಹೊರದೇಶದಿಂದ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವುದನ್ನು ಯುರೋಪಿನ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವಿಗೂ ಪ್ರಮಾಣಪತ್ರ ಬೇಕು. ಅಡುಗೆ ಕೋಣೆ ಇರುವ ವಸತಿಯನ್ನೇ ಹಿಡಿಯಿರಿ. ರಾತ್ರಿ ಚಳಿಯಿಂದ ಬಂದು ಒಂದು ತುತ್ತು ಬಿಸಿ ಸಾರು-ಅನ್ನ ಉಂಡರೆ ಮಾರನೆಯ ದಿನಕ್ಕೆ ಕಾಲಿಗೆ ಬಲ ಬರುತ್ತದೆ.

ಮುಲುಂಡ್ ಪಯಣ

ವೀಸಾ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ನಿಮಗೆ ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ. ಎಲ್ಲಿ ಹೆಚ್ಚು ರಾತ್ರಿಗಳನ್ನು ಕಳೆಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು, ರಾತ್ರಿಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸ್ವೀಕರಿಸುತ್ತಾರೆ, ಕನಿಷ್ಠ 15 ದಿನ ಮೊದಲು ಕೊಟ್ಟಿರಲೇಬೇಕು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೋ, ಅರ್ಜಿ ಸ್ವೀಕರಿಸುವ ಕೇಂದ್ರದ ಸೇವಾಶುಲ್ಕ ಬೇರೆ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು. ನಿಮ್ಮ ಪತ್ನಿಯವರ ಮೊಣಕಾಲಿನ ನೋವು ಹಳೆಯದಾದ್ದರಿಂದ ವಿಮೆಯ ಷರತ್ತುಗಳಲ್ಲಿ ಮೊದಲೇ ಇದ್ದ ಕಾಯಿಲೆಗಳ ಭಾಗವನ್ನು ಎಚ್ಚರದಿಂದ ಓದಿ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿದ್ದು, ಮರಳುವ ದಿನದಿಂದ ಮೂರು ತಿಂಗಳಾದರೂ ಚಾಲ್ತಿಯಲ್ಲಿದ್ದು, ಎರಡು ಖಾಲಿ ಪುಟಗಳನ್ನು ಹೊಂದಿರಬೇಕು.

ಡಿಸೆಂಬರಿನ ಪ್ರಯಾಣಕ್ಕೆ ಅರ್ಜಿ ಕೊಡಲು ಸಮಯ ಸಿಗುವುದು ಕಷ್ಟವಾಗುತ್ತದೆ. ಗಣಪತಿ ಹಬ್ಬದ ಗಡಿಬಿಡಿ ಮುಗಿದ ಕೂಡಲೇ ಕಾಗದಪತ್ರ ಸಿದ್ಧಪಡಿಸಿ, ಸೆಪ್ಟೆಂಬರ್ ಕೊನೆಯೊಳಗೆ ಕೊಟ್ಟುಬಿಡಿ. ಕಚೇರಿಯ ರಜೆ ಮಂಜೂರಾತಿ ಪತ್ರ, ಆದಾಯ ತೆರಿಗೆಯ ದಾಖಲೆ, ಬ್ಯಾಂಕಿನ ಹೇಳಿಕೆ ಇವುಗಳ ದಿನಾಂಕ, ಮೊತ್ತಗಳು ಪರಸ್ಪರ ಹೊಂದಬೇಕು.

ಡೊಂಬಿವಲಿ ದಂಪತಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ನಾವಿಬ್ಬರೂ ಕುಳಿತು ಓದಿದೆವು. ನನ್ನ ಮೇಲಧಿಕಾರಿಗಳನ್ನು ಕೇಳಿಕೊಂಡಿದ್ದೇನೆ, ಡಿಸೆಂಬರಿನ ಎರಡನೆಯ ವಾರ ರಜೆ ಕೊಡಲು ಒಪ್ಪಿದ್ದಾರೆ. ಬಸ್ಸಿನ ಯೋಜನೆಯನ್ನು ಕೈಬಿಟ್ಟಿದ್ದೇವೆ. ಲೈಪ್ಸಿಗ್‌ನ ಬಾಲಕರ ವೃಂದದ ಮಾತನ್ನು ಓದಿದ ಮೇಲೆ ನನ್ನ ಪತ್ನಿಗೆ ಬೇರೆ ಯಾವ ಊರಿನ ಹೆಸರೂ ಕಿವಿಗೆ ಬೀಳುತ್ತಿಲ್ಲ. ಆದರೆ ನ್ಯೂರೆಂಬರ್ಗನ್ನು ಬಿಡಲು ನನಗೂ ಮನಸ್ಸಿಲ್ಲ. ಎರಡನ್ನೂ ಅವಸರವಿಲ್ಲದೆ ಸೇರಿಸಲು ಸಾಧ್ಯವೇ? ಇನ್ನೊಂದು ಪ್ರಶ್ನೆ: ಚಳಿ ಮತ್ತು ಮೊಣಕಾಲು ಇವೆರಡನ್ನೂ ಹೇಗೆ ನಿಭಾಯಿಸಬೇಕು? ಹಿಮ ಬೀಳುವುದನ್ನು ನೋಡಬಹುದೇ?

ಪುಣೆ ಔಂಧ್

ಖಂಡಿತ ಸೇರಿಸಬಹುದು. 2017ರ ಕೊನೆಯಲ್ಲಿ ಹೊಸ ವೇಗದ ಮಾರ್ಗ ತೆರೆದ ಮೇಲೆ ನ್ಯೂರೆಂಬರ್ಗ್‌ನಿಂದ ಲೈಪ್ಸಿಗ್‌ಗೆ ನೇರ ಐಸಿಇ ಗಾಡಿಯಲ್ಲಿ ಸುಮಾರು ಎರಡು ಗಂಟೆಯಷ್ಟೇ. ಮ್ಯೂನಿಕ್‌ನಲ್ಲಿ ಇಳಿದು ನೇರವಾಗಿ ನ್ಯೂರೆಂಬರ್ಗ್‌ಗೆ ಬಂದು, ವಾರದ ದಿನಗಳನ್ನು ಅಲ್ಲಿ ಕಳೆದು, ಗುರುವಾರ ಲೈಪ್ಸಿಗ್‌ಗೆ ಹೋಗಿ. ಶುಕ್ರವಾರ ಮತ್ತು ಶನಿವಾರ ಎರಡೂ ದಿನ ಸಂತ ಥಾಮಸರ ಚರ್ಚಿನಲ್ಲಿ ಕುಳಿತು ಕೇಳಲು ಅವಕಾಶ ಸಿಗುತ್ತದೆ. ಡ್ರೆಸ್ಡೆನ್‌ಗೆ ಸೋಮವಾರ ಹೋಗಿ ಬನ್ನಿ, ವಾರಾಂತ್ಯದ ಗುಂಪು ಅಷ್ಟರಲ್ಲಿ ಕರಗಿರುತ್ತದೆ. ಮಡಗಾಂವ್‌ನವರ ವಾದಕ್ಕೆ ನಾನು ಸಂತೋಷದಿಂದ ತಲೆಬಾಗುತ್ತೇನೆ. ನನ್ನ ಸಲಹೆಯಲ್ಲಿ ಸಂಗೀತಕ್ಕೆ ಅವರು ಕೊಟ್ಟಷ್ಟು ಸ್ಥಾನ ಇರಲಿಲ್ಲ.

ಊರುಗಳಲ್ಲಿ ಡಿಸೆಂಬರಿನ ಹಿಮವನ್ನು ನಂಬಬೇಡಿ. ತಾಪಮಾನ ಸೊನ್ನೆಯಿಂದ ಐದು ಡಿಗ್ರಿಯ ಆಸುಪಾಸಿನಲ್ಲಿದ್ದು, ಹಿಮಕ್ಕಿಂತ ತುಂತುರು ಮಳೆಯೇ ಹೆಚ್ಚು. ಹಿಮ ಕಾಣಲೇಬೇಕೆಂದಿದ್ದರೆ ಮ್ಯೂನಿಕ್‌ನಲ್ಲಿ ಒಂದು ದಿನ ಹೆಚ್ಚು ಉಳಿದು ಗಾರ್ಮಿಷ್‌ಗೆ ರೈಲಿನಲ್ಲಿ ಹೋಗಿ, 2,962 ಮೀಟರ್ ಎತ್ತರದ ಝುಗ್‌ಷ್ಪಿಟ್ಸೆ ಶಿಖರಕ್ಕೆ ಕೇಬಲ್ ಕಾರ್ ಏರಿ. ನಡೆಯುವ ಶ್ರಮವಿಲ್ಲದೆ ಹಿಮದ ಮಧ್ಯೆ ನಿಲ್ಲಬಹುದು.

ನೆಲ ಹಾಸುಗಲ್ಲಿನದು, ಒದ್ದೆಯಾದರೆ ಜಾರುತ್ತದೆ. ಚಳಿ ಮೊದಲು ಏರುವುದು ಅಂಗಾಲಿನಿಂದ. ಆದ್ದರಿಂದ ದುಬಾರಿ ಕೋಟಿಗಿಂತ ಮೊದಲು ದಪ್ಪ ಅಟ್ಟೆಯ, ನೀರು ಒಳಗಿಳಿಯದ, ಉಣ್ಣೆಯ ಕಾಲುಚೀಲಕ್ಕೆ ಜಾಗವಿರುವ ಬೂಟುಗಳಿಗೆ ಹಣ ಹಾಕಿ, ಹೊರಡುವ ಮೊದಲು ಕೆಲವು ವಾರ ಹಾಕಿಕೊಂಡು ನಡೆದು ಕಾಲಿಗೆ ಒಗ್ಗಿಸಿಕೊಳ್ಳಿ. ಒಂದು ದಪ್ಪ ಸ್ವೆಟರಿಗಿಂತ ತೆಳುವಾದ ಪದರಗಳು ಮೇಲು, ಏಕೆಂದರೆ ಅಂಗಡಿ, ರೈಲುಗಳ ಒಳಗೆ ಬಿಸಿಯಿರುತ್ತದೆ. ಹಳೆಯ ಚರ್ಚುಗಳ ಒಳಗೆ ಮಾತ್ರ ಹೊರಗಿನಷ್ಟೇ ಚಳಿ, ಸಂಗೀತ ಕೇಳುವಾಗ ಮಡಿಲ ಮೇಲೆ ಹೊದೆಯಲು ಶಾಲು ಇರಲಿ.

ಸಂತೆಗಳಲ್ಲಿ ಕುಳಿತುಕೊಳ್ಳುವ ಜಾಗ ಬಹಳ ಕಡಿಮೆ, ಜನ ಎತ್ತರದ ಮೇಜುಗಳ ಸುತ್ತ ನಿಂತೇ ತಿನ್ನುತ್ತಾರೆ. ಆದರೆ ಹತ್ತಿರದ ಚರ್ಚುಗಳು ಹಗಲಿನಲ್ಲಿ ತೆರೆದಿರುತ್ತವೆ, ಬೆಂಚುಗಳಲ್ಲಿ ಕುಳಿತು ಸುಧಾರಿಸಿಕೊಳ್ಳಲು ಯಾರೂ ಬೇಡವೆನ್ನುವುದಿಲ್ಲ. ಸೂರ್ಯ ಸಂಜೆ ನಾಲ್ಕೂಕಾಲರ ಹೊತ್ತಿಗೇ ಮುಳುಗುವುದರಿಂದ ದೀಪ ಹತ್ತಿದ ಸಂತೆಯನ್ನು ನೋಡಲು ರಾತ್ರಿಯವರೆಗೆ ಕಾಯಬೇಕಿಲ್ಲ. ಮಧ್ಯಾಹ್ನ ಕೋಣೆಯಲ್ಲಿ ವಿಶ್ರಮಿಸಿ, ಮೂರೂವರೆಗೆ ಹೊರಟು, ಕಚೇರಿ ಬಿಟ್ಟ ಜನ ಬಂದು ಸೇರುವ ಆರು ಗಂಟೆಯೊಳಗೆ ಮರಳಬಹುದು. ಬರ್ಲಿನ್‌ನಲ್ಲಿ 2016ರಲ್ಲೂ ಮಾಗ್ಡೆಬರ್ಗ್‌ನಲ್ಲಿ 2024ರಲ್ಲೂ ಸಂತೆಗಳ ಮೇಲೆ ವಾಹನ ನುಗ್ಗಿಸಿದ ದಾಳಿಗಳಾದ ನಂತರ ಎಲ್ಲೆಡೆ ಕಾಂಕ್ರೀಟ್ ತಡೆಗಳೂ ಪೊಲೀಸರೂ ಇರುತ್ತಾರೆ. ದೊಡ್ಡ ಚೀಲಗಳನ್ನು ವಸತಿಯಲ್ಲೇ ಬಿಡಿ.

ವಸತಿಯನ್ನು ಹಳೆಯ ಊರಿನ ಗೋಡೆಯೊಳಗೇ, ಲಿಫ್ಟ್ ಇರುವ ಕಟ್ಟಡದಲ್ಲಿ, ಈಗಲೇ ಕಾಯ್ದಿರಿಸಿ, ಏಕೆಂದರೆ ಅಡ್ವೆಂಟ್ ವಾರಗಳ ಕೋಣೆಗಳು ಬೇಸಿಗೆ ಮುಗಿಯುವ ಮೊದಲೇ ತುಂಬಿಹೋಗುತ್ತವೆ. ವೀಸಾ ನಿರಾಕರಣೆಯಾದರೆ ಹಣ ಮರಳುವ ಷರತ್ತಿನಲ್ಲಿಯೇ ಕಾಯ್ದಿರಿಸುವುದು ಒಳ್ಳೆಯದು. ಐಸಿಇ ಗಾಡಿಗಳಲ್ಲಿ ಟಿಕೆಟ್ ಇದ್ದ ಮಾತ್ರಕ್ಕೆ ಆಸನ ಸಿಗುವುದಿಲ್ಲ, ಅದಕ್ಕೆ ಬೇರೆಯೇ ಶುಲ್ಕ ಕೊಟ್ಟು ಆಸನ ಗೊತ್ತುಮಾಡಿಕೊಳ್ಳಬೇಕು. ನಿಮ್ಮ ಪತ್ನಿಯವರ ಸಲುವಾಗಿ ಅದನ್ನು ತಪ್ಪದೆ ಮಾಡಿ.